ಸಂಬಳ ಇಳಿಸುವ ಕಾಗದಕ್ಕೆ ಸಹಿ ಕೇಳ್ತಿದ್ದಾರಾ? ಸ್ವಲ್ಪ ತಡೀರಿ

ಗಾರ್ಮೆಂಟ್ಸ್‌ನಲ್ಲಿ ಕೆಲಸ ಮಾಡುವವರು ಇದನ್ನು ಓದಿ. ಕಾರ್ಖಾನೆಯ ಹೆಸರು ಹೇಳುವುದಿಲ್ಲ. ಇನ್ನೂ ಅಲ್ಲೇ ಕೆಲಸ ಮಾಡ್ತಿದ್ದೇನೆ.

ಆರ್ಡರ್ ಕಮ್ಮಿಯಾಗಿದೆ ಅಂತ ಹೆಚ್‌ಆರ್‌ನವರು ಒಬ್ಬೊಬ್ಬರನ್ನೇ ಒಳಗೆ ಕರೆದರು. ಮುಂದೆ ಒಂದು ಇಂಗ್ಲಿಷ್ ಕಾಗದ. ‘ಬರೀ ಫಾರ್ಮಾಲಿಟಿ ಅಮ್ಮ, ಸಹಿ ಹಾಕಿ ಲೈನಿಗೆ ಹೋಗಿ’ ಅಂದರು. ನನಗಿಂತ ಮುಂಚೆ ಹೋಗಿದ್ದ ಹುಡುಗಿ ಅದನ್ನು ಓದಿಕೊಂಡು ಬಂದು ಹೇಳಿದ್ದಳು: ಮುಂದಿನ ತಿಂಗಳಿಂದ ಸಂಬಳದಲ್ಲಿ ಎರಡು ಸಾವಿರ ಕಮ್ಮಿ, ಇದಕ್ಕೆ ನನ್ನ ಪೂರ್ತಿ ಒಪ್ಪಿಗೆ ಇದೆ ಅಂತ ಬರೆದಿದ್ದಾರಂತೆ. ನಾನು ಸಹಿ ಹಾಕಲಿಲ್ಲ. ಹಾಕಿದವರೇ ಜಾಸ್ತಿ.

ಮುಂದಿನ ಪೇ ಸ್ಲಿಪ್ ಬಂತು. ಸಹಿ ಹಾಕದವರಿಗೂ ಅದೇ ಎರಡು ಸಾವಿರ ಹಿಡಿದಿದ್ದರು, ‘ಇತರೆ ಕಡಿತ’ ಅಂತ. ಕೇಳಿದರೆ ಪೀಸ್ ಹಾಳು ಮಾಡಿದ್ದಕ್ಕೆ ದಂಡ ಅಂದರು. ಯಾವ ಪೀಸ್, ಯಾವತ್ತು? ಉತ್ತರವಿಲ್ಲ. ‘ಕೊರೋನಾ ಟೈಮಲ್ಲಿ ಸರ್ಕಾರವೇ ಡಿಎ ನಿಲ್ಲಿಸಿರಲಿಲ್ವಾ?’ ಅಂತ ನಮಗೇ ಪಾಠ. ಹೌದು, 2020ರಲ್ಲಿ ರಾಜ್ಯ ಸರ್ಕಾರ ಕಾರ್ಮಿಕರ ಡಿಎ (ತುಟ್ಟಿಭತ್ಯೆ) ಮುಂದೂಡಿತ್ತು. ಆ ಆದೇಶಕ್ಕೆ ಹೈಕೋರ್ಟ್ ತಡೆ ಕೊಟ್ಟಿದ್ದನ್ನು ಮಾತ್ರ ಬಾಯಿಬಿಡಲಿಲ್ಲ.

ಯೂನಿಯನ್ನಿನ ಅಕ್ಕ ಬಿಡಿಸಿ ಹೇಳಿದರು. ಕಾರ್ಮಿಕರ ಸಂಬಳ ಬದಲಿಸಬೇಕಾದರೆ ಮಾಲೀಕರು 21 ದಿನ ಮುಂಚೆ ನೋಟಿಸ್ ಕೊಡಬೇಕು. 1947ರ ಕೈಗಾರಿಕಾ ವಿವಾದ ಕಾಯ್ದೆಯಲ್ಲೂ ಹಾಗೇ ಇತ್ತು, 2025ರ ನವೆಂಬರ್‌ನಲ್ಲಿ ಅದರ ಬದಲು ಜಾರಿಗೆ ಬಂದ ಕೈಗಾರಿಕಾ ಸಂಬಂಧ ಸಂಹಿತೆಯಲ್ಲೂ ಇದೆ. ನೋಟಿಸ್ ಬಂದರೆ ತಕರಾರು ಎತ್ತಬಹುದು. ಅದಕ್ಕೇ ಇವರು ನೋಟಿಸ್ ಬಿಟ್ಟು ಸಹಿ ಹಿಂದೆ ಬಿದ್ದಿರೋದು ಅಂದರು. ದಂಡವಾದರೆ ಸಂಬಳದ ನೂರಕ್ಕೆ 3ರಷ್ಟನ್ನು ಮೀರುವಂತಿಲ್ಲ, ಹಾಕುವ ಮುಂಚೆ ನಮ್ಮ ಮಾತನ್ನೂ ಕೇಳಬೇಕು. ಹದಿನಾಲ್ಕು ಸಾವಿರಕ್ಕೆ 420 ರೂಪಾಯಿ ಆಯಿತು. ಎರಡು ಸಾವಿರದ ಲೆಕ್ಕ ಎಲ್ಲಿಂದ ಬಂತು? ಇನ್ನು ಕನಿಷ್ಠ ವೇತನಕ್ಕಿಂತ ಕೆಳಗೆ, ನಾವೇ ಒಪ್ಪಿ ಬರೆದುಕೊಟ್ಟರೂ ಇಳಿಸುವ ಹಾಗಿಲ್ಲ. ಹಾಗಾಗಿ ಸಹಿ ಹಾಕಿದವರೂ ಸುಮ್ನೆ ಕೂರಬೇಡಿ, ನಿಮ್ಮ ಸಂಬಳ ಈಗ ಅದಕ್ಕಿಂತ ಕೆಳಗಿದೆಯಾ ನೋಡಿಕೊಳ್ಳಿ.

ನಾವು ಕೆಲವರು ಸೇರಿ ಬೆಂಗಳೂರು ಬನ್ನೇರುಘಟ್ಟ ರಸ್ತೆಯ ಕಾರ್ಮಿಕ ಭವನದಲ್ಲಿ (ಕಾರ್ಮಿಕ ಇಲಾಖೆ ಕಚೇರಿ) ದೂರು ಕೊಟ್ಟಿದ್ದೇವೆ. ಹಳೇ ಪೇ ಸ್ಲಿಪ್, ಹೊಸ ಪೇ ಸ್ಲಿಪ್, ಬ್ಯಾಂಕ್ ಪಾಸ್‌ಬುಕ್ ಮೂರೂ ಕೇಳಿದರು. ಪೇ ಸ್ಲಿಪ್ ಬಿಸಾಡುವ ಅಭ್ಯಾಸ ಇದ್ದರೆ ಇವತ್ತೇ ಬಿಡಿ, ಫೋನಲ್ಲಿ ಫೋಟೋ ಆದರೂ ಇಟ್ಟುಕೊಳ್ಳಿ. ಅದರ ಜೊತೆಗೇ ಜಾರಿಗೆ ಬಂದ ವೇತನ ಸಂಹಿತೆಯಲ್ಲಿ ಸಂಬಳದ ಬಾಕಿ ಕೇಳೋಕೆ 3 ವರ್ಷ ಟೈಮ್ ಇದೆ. ಕಾಗದ ಮುಂದಿಟ್ಟರೆ ‘ಮನೇಲಿ ಓದಿಸ್ಕೊಂಡು ಬರ್ತೀನಿ ಸಾರ್, ಒಂದು ಕಾಪಿ ಕೊಡಿ’ ಅನ್ನಿ. ನಮ್ಮ ಹೆಚ್‌ಆರ್ ಆ ಕಾಪಿಯನ್ನು ಯಾರಿಗೂ ಕೊಡಲಿಲ್ಲ.