ಮ್ಯಾನ್‌ಹಟನ್‌ನ ಆಫ್ರಿಕನ್ ಬರಿಯಲ್ ಗ್ರೌಂಡ್: ತರ್ಪಣದ ಅಂಗಳಕ್ಕೆ ಐದರಲ್ಲಿ ನಾಲ್ಕು

ನ್ಯೂಯಾರ್ಕ್‌ನ ಮ್ಯಾನ್‌ಹಟನ್‌ನಲ್ಲಿರುವ ಇದು ಒಂದು ಕಾಲದ ಕರಿಯರ ಸ್ಮಶಾನ, ಈಗ ಸ್ಮಾರಕ. ಡೋಲು, ಹಾಡಿನೊಡನೆ ಪೂರ್ವಜರಿಗೆ ನೀರು ಬಿಡುವ ತರ್ಪಣಕ್ಕೆ ಈ ಜಾಗ ಹೇಗಿದೆ ಎಂಬುದು ಇಲ್ಲಿನ ವಿಷಯ. ಮೊದಲು ದಾರಿಯ ಮಾತು, ಏಕೆಂದರೆ ಹೆಚ್ಚಿನವರು ತಪ್ಪುವುದು ಅಲ್ಲೇ. ವಸ್ತುಸಂಗ್ರಹಾಲಯ ಇರುವುದು 290 ಬ್ರಾಡ್‌ವೇಯ ಸರ್ಕಾರಿ ಕಟ್ಟಡದ ಒಳಗೆ. ಕಲ್ಲಿನ ಸ್ಮಾರಕ ಹೊರಗೆ, ಡುವೇನ್ ಮತ್ತು ಎಲ್ಕ್ ರಸ್ತೆಗಳು ಕೂಡುವ ಮೂಲೆಯಲ್ಲಿ. ಎರಡಕ್ಕೂ ಟಿಕೆಟ್ ಇಲ್ಲ. ಕಟ್ಟಡದ ಬಾಗಿಲಲ್ಲಿ ವಿಮಾನ ನಿಲ್ದಾಣದಂಥ ತಪಾಸಣೆ ಇರುವುದರಿಂದ ಡೋಲು, ಬಿಂದಿಗೆ ಹಿಡಿದು ಆ ಕಡೆಯಿಂದ ನುಗ್ಗಬೇಡಿ.

1991ರಲ್ಲಿ ಇದೇ ಕಟ್ಟಡಕ್ಕೆ ಪಾಯ ತೋಡುವಾಗ ಗುಲಾಮರ ಮತ್ತು ಸ್ವತಂತ್ರ ಕರಿಯರ ಸಮಾಧಿಗಳು ಸಿಕ್ಕವು. 419 ಜನರ ಅವಶೇಷಗಳನ್ನು ತೆಗೆದರು. ಇಲ್ಲಿ ಮಣ್ಣಾದವರು ಸುಮಾರು 15,000 ಇರಬಹುದೆಂಬುದು ಅಂದಾಜು. ತೆಗೆದ ಅವಶೇಷಗಳನ್ನು ಘಾನಾದಲ್ಲಿ ಕೈಯಿಂದ ಕೆತ್ತಿಸಿದ ಮರದ ಪೆಟ್ಟಿಗೆಗಳಲ್ಲಿಟ್ಟು 2003ರಲ್ಲಿ ಇಲ್ಲೇ ಮತ್ತೆ ಹೂಳಿದರು. ಹುಲ್ಲು ಹೊದ್ದ ಏಳು ದಿಬ್ಬಗಳು ಅವೇ. ಮೇಲೆ ಹತ್ತುವುದು, ಕೂರುವುದು ಬೇಡ.

ಆದರೆ ಈ ಜಾಗದ ನಿಜವಾದ ಹೆಚ್ಚುಗಾರಿಕೆ ಇರುವುದು ಪ್ರದರ್ಶನದ ಅಂಗಳವಾಗಿ. 1731ರ ನಗರ ಕಾನೂನು ಗುಲಾಮರ ಶವಯಾತ್ರೆಗೆ ಹನ್ನೆರಡಕ್ಕಿಂತ ಹೆಚ್ಚು ಜನ ಸೇರಬಾರದು, ಪೆಟ್ಟಿಗೆಗೆ ಹೊದಿಕೆ ಹಾಕಬಾರದು ಎಂದಿತ್ತು. ಅದಕ್ಕೂ ಮೊದಲೇ ರಾತ್ರಿ ಹೂಳುವುದಕ್ಕೆ ತಡೆ ಬಿದ್ದಿತ್ತು. ಹಾಗಾಗಿ ಬಿಳಿಬಟ್ಟೆ ತೊಟ್ಟ ನಲವತ್ತು ಜನ ಇಲ್ಲಿ ಸುತ್ತುಗಟ್ಟಿ ಹಾಡಿದರೆ ಅದಕ್ಕೆ ಬೇರೆ ರಂಗಸಜ್ಜಿಕೆಯೇ ಬೇಡ. ರಾಡ್ನಿ ಲಿಯಾನ್ ವಿನ್ಯಾಸದ, 2007ರಲ್ಲಿ ತೆರೆದ ಸ್ಮಾರಕ ಇದಕ್ಕೆಂದೇ ಕಟ್ಟಿದಂತಿದೆ: 24 ಅಡಿ ಎತ್ತರದ ಕಲ್ಲಿನ ಕೋಣೆ, ಅದನ್ನು ದಾಟಿದರೆ ರಸ್ತೆಗಿಂತ ತಗ್ಗಿಗೆ ಸುತ್ತಿ ಇಳಿಯುವ ಇಳಿಜಾರು, ತಳದಲ್ಲಿ ಪಶ್ಚಿಮ ಆಫ್ರಿಕಾವನ್ನು ನಡುವಿಗಿಟ್ಟ ಭೂಪಟ.

ತರ್ಪಣದ ಕ್ರಮ ಸರಳ. ಒಬ್ಬರು ಪೂರ್ವಜರ ಹೆಸರು ಹೇಳಿ ಸ್ವಲ್ಪ ನೀರು ಬಿಡುತ್ತಾರೆ. ನೆರೆದವರು 'ಆಶೇ' ಎನ್ನುತ್ತಾರೆ; ಪಶ್ಚಿಮ ಆಫ್ರಿಕಾದ ಯೊರುಬಾ ನುಡಿಯ ಈ ಮಾತಿಗೆ ಇಲ್ಲಿ 'ಹಾಗೇ ಆಗಲಿ' ಎಂಬ ಭಾವ. ಹೆಸರು ಗೊತ್ತಿಲ್ಲದವರನ್ನೂ ಬಿಡುವುದಿಲ್ಲ. ಪ್ರತಿ ಹೆಸರಿಗೆ ಒಂದು ಗುಟುಕಿನಷ್ಟು ನೀರು ಸಾಕು. ಕೊಡ ಬಗ್ಗಿಸಿದರೆ ನಯವಾದ ಗ್ರಾನೈಟ್ ಜಾರುತ್ತದೆ, ಬರಿಗಾಲ ನರ್ತಕರು ಮೊದಲು ಬೀಳುತ್ತಾರೆ. ಡೋಲನ್ನು ಕೋಣೆಯೊಳಗೆ ಬಾರಿಸಬೇಡಿ: ಕಲ್ಲಿನ ಗೋಡೆಗಳ ನಡುವೆ ಪೆಟ್ಟುಗಳು ಒಂದರ ಮೇಲೊಂದು ಬಿದ್ದು ಮಾತು ಮುಳುಗುತ್ತದೆ. ತೆರೆದ ಅಂಗಳದಲ್ಲಿ ಬಾರಿಸಿ, ಹೆಸರು ಹೇಳುವಾಗ ನಿಲ್ಲಿಸಿ. ಹಳಿಯಾಳ, ಯಲ್ಲಾಪುರದ ಆಫ್ರಿಕನ್ ಮೂಲದ ಸಿದ್ದಿಗಳ ಡೋಲು ಕುಣಿತವಾದ ಡಮಾಮಿಯನ್ನು ಕೇಳಿದವರಿಗೆ ಈ ಎಚ್ಚರಿಕೆ ತಾನಾಗಿ ಅರ್ಥವಾದೀತು.

ಒಂದು ಅಂಕ ಕಳೆದದ್ದು ಗದ್ದಲಕ್ಕೆ. ನಡುಹಗಲು ಸುತ್ತಲಿನ ಕಚೇರಿಗಳ ಓಡಾಟ, ವಾಹನಗಳ ಸದ್ದು ತಗ್ಗಿನ ಅಂಗಳಕ್ಕೂ ಇಳಿಯುತ್ತದೆ. ಕೂರಲು ಜಾಗವೂ ಕಡಿಮೆ, ವಯಸ್ಸಾದವರಿಗೆ ಕಷ್ಟ. ಕಾರ್ಯಕ್ರಮ ಮಾಡುವವರು ಸ್ಮಾರಕವನ್ನು ನೋಡಿಕೊಳ್ಳುವ ಸರ್ಕಾರಿ ಸಂಸ್ಥೆ ನ್ಯಾಷನಲ್ ಪಾರ್ಕ್ ಸರ್ವೀಸ್‌ನ ಅನುಮತಿಗೆ ಸಾಕಷ್ಟು ಮುಂಚೆ ಬರೆಯಬೇಕು. ಹವಾಮಾನ ಕೆಟ್ಟರೆ ಹೊರಗಿನ ಸ್ಮಾರಕ ಮುಚ್ಚುವುದುಂಟು, ಆದ್ದರಿಂದ ಇನ್ನೊಂದು ದಿನವನ್ನೂ ಕೇಳಿಟ್ಟುಕೊಳ್ಳಿ.