ವಿದೇಶದಲ್ಲಿ ಹಣ ಬದಲಾವಣೆ: ಕೌಂಟರ್, ಪ್ರಿಪೇಯ್ಡ್ ಕಾರ್ಡ್, ಕ್ರೆಡಿಟ್ ಕಾರ್ಡ್ ಮತ್ತು ನಾನು ಮೆಚ್ಚಿದ ಡೆಬಿಟ್ ಕಾರ್ಡ್

ವಿದೇಶಿ ವಹಿವಾಟಿಗೆ ಪ್ರತ್ಯೇಕ ಶುಲ್ಕ ವಿಧಿಸದ ಡೆಬಿಟ್ ಕಾರ್ಡೊಂದು ಕೈಗೆ ಬಂದ ಮೇಲೆ ನಾನು ಹಣ ಬದಲಾಯಿಸುವ ಕೌಂಟರುಗಳ ಕಡೆ ಹೋಗುವುದನ್ನು ಬಹುಮಟ್ಟಿಗೆ ನಿಲ್ಲಿಸಿದ್ದೇನೆ. ನಗದು, ಪ್ರಿಪೇಯ್ಡ್ ಟ್ರಾವೆಲ್ ಕಾರ್ಡ್, ಕ್ರೆಡಿಟ್ ಕಾರ್ಡ್ ಮೂರನ್ನೂ ಬಳಸಿ ನೋಡಿದ ಬಳಿಕ ಬಂದ ತೀರ್ಮಾನ ಇದಾದುದರಿಂದ, ಈ ಹೋಲಿಕೆಯಲ್ಲಿ ನನ್ನ ಒಲವು ಯಾವ ಕಡೆಗೆ ಎಂಬುದನ್ನು ಮೊದಲೇ ಹೇಳಿಬಿಡುವುದು ಮೇಲು.

ಬ್ಯಾಂಕುಗಳ ನಡುವಿನ ವ್ಯವಹಾರದಲ್ಲಿ ಕೊಳ್ಳುವ ಮತ್ತು ಮಾರುವ ದರಗಳ ಮಧ್ಯಬಿಂದುವನ್ನೇ ನಾನು ಅಳತೆಗೋಲಾಗಿ ಇಟ್ಟುಕೊಂಡಿದ್ದೇನೆ. ಆ ದರ ಅಂತರ್ಜಾಲದಲ್ಲಿ ಯಾರಿಗಾದರೂ ಸಿಗುತ್ತದೆ. ಅದರಿಂದ ಎಷ್ಟು ದೂರ ಸರಿದಿದ್ದೇವೆ ಎಂಬುದೇ ನಾವು ನಿಜವಾಗಿ ತೆತ್ತ ಬೆಲೆ. ‘ಕಮಿಷನ್ ಇಲ್ಲ’ ಎಂಬ ಫಲಕ ಹಾಕಿದ ಕೌಂಟರುಗಳು ಈ ಅಂತರದಲ್ಲಿಯೇ ತಮ್ಮ ಲಾಭವನ್ನು ಅಡಗಿಸಿಟ್ಟಿರುತ್ತವೆ. ಮಧ್ಯದರ 100 ಇರುವಾಗ ಕೌಂಟರು 106ಕ್ಕೆ ಮಾರಿ 94ಕ್ಕೆ ಕೊಳ್ಳುತ್ತದೆ ಎಂದುಕೊಂಡರೆ, 1,060 ಕೊಟ್ಟು ಪಡೆದ ಹಣವನ್ನು ಬಳಸದೆ ಹಾಗೆಯೇ ಹಿಂದಿರುಗಿಸಿದವನಿಗೆ ಸಿಗುವುದು 940 ಮಾತ್ರ. ವಿಮಾನ ನಿಲ್ದಾಣದ ಕೌಂಟರುಗಳಲ್ಲಿ ಈ ಅಂತರ ಸಾಮಾನ್ಯವಾಗಿ ಇನ್ನೂ ಹಿಗ್ಗಿರುತ್ತದೆ. ಇಳಿದ ಕೂಡಲೇ ಬೇಕಾಗುವ ಬಸ್ಸಿನ ದುಡ್ಡಿಗಷ್ಟೇ ಅವು ಸಾಕು.

ಪ್ರಿಪೇಯ್ಡ್ ಕಾರ್ಡಿನಲ್ಲಿ ಹಣ ತುಂಬಿದ ದಿನದ ದರವೇ ಕೊನೆಯವರೆಗೂ ಉಳಿಯುವುದರಿಂದ ಬಿಗಿಯಾದ ಬಜೆಟ್ಟಿನವರಿಗೆ ನೆಮ್ಮದಿಯಿದೆ. ಆದರೆ ಆ ದರದಲ್ಲಿ ಕಾರ್ಡು ನೀಡಿದವರ ಲಾಭವೂ ಸೇರಿರುತ್ತದೆ, ತುಂಬದ ಕರೆನ್ಸಿಯಲ್ಲಿ ಖರ್ಚು ಮಾಡಿದರೆ ಮತ್ತೊಂದು ಶುಲ್ಕ ಬೀಳುತ್ತದೆ, ಹೋಟೆಲಿನವರು ಮುಂಗಡವೆಂದು ತಡೆಹಿಡಿದ ಮೊತ್ತ ಬಿಡುಗಡೆಯಾಗುವವರೆಗೆ ನಮ್ಮದೇ ಹಣ ನಮಗೆ ಸಿಗುವುದಿಲ್ಲ. ಕ್ರೆಡಿಟ್ ಕಾರ್ಡು ಅಂಗಡಿಯ ಪಾವತಿಗೆ ಒಳ್ಳೆಯದೇ. ವೀಸಾ, ಮಾಸ್ಟರ್‌ಕಾರ್ಡ್ ಜಾಲಗಳ ದರ ಮಧ್ಯದರಕ್ಕೆ ಹತ್ತಿರವಿರುತ್ತದೆ, ಬ್ಯಾಂಕು ಅದರ ಮೇಲೆ ಸೇರಿಸುವ ಶೇಕಡಾವಾರು ಶುಲ್ಕವನ್ನು ಮಾತ್ರ ಮೊದಲೇ ವಿಚಾರಿಸಿಕೊಳ್ಳಬೇಕು. ಅದರಿಂದ ನಗದು ತೆಗೆಯುವುದು ಬೇಡ, ಏಕೆಂದರೆ ಸಾಮಾನ್ಯವಾಗಿ ತೆಗೆದ ದಿನದಿಂದಲೇ ಬಡ್ಡಿ ಓಡತೊಡಗುತ್ತದೆ.

ನಾನು ಮೆಚ್ಚಿದ ಡೆಬಿಟ್ ಕಾರ್ಡಿಗೂ ಒಂದು ಕಿರಿಕಿರಿ ಅಂಟಿಕೊಂಡಿದೆ. ಸ್ಥಳೀಯ ಎಟಿಎಂನಲ್ಲಿ ಕಾರ್ಡು ಹಾಕಿ ಮೊತ್ತ ಒತ್ತಿದ ಮೇಲೆ, ಆ ಮೊತ್ತ ನಮ್ಮ ದೇಶದ ಹಣದಲ್ಲಿ ಎಷ್ಟಾಗುತ್ತದೆ ಎಂದು ಯಂತ್ರವೇ ಲೆಕ್ಕ ಹಾಕಿ ತೋರಿಸಿ, ‘ಈ ದರ ಖಚಿತ, ಒಪ್ಪುತ್ತೀರಾ?’ ಎಂದು ಕೇಳುತ್ತದೆ. ಡೈನಾಮಿಕ್ ಕರೆನ್ಸಿ ಕನ್ವರ್ಷನ್ ಎಂಬ ಈ ಸೌಲಭ್ಯದಲ್ಲಿ ದರ ನಿಗದಿ ಮಾಡುವುದು ನಮ್ಮ ಬ್ಯಾಂಕೂ ಅಲ್ಲ, ಕಾರ್ಡಿನ ಜಾಲವೂ ಅಲ್ಲ. ಯಂತ್ರದ ಒಡೆತನದವರು ಮತ್ತು ಅವರ ಪಾಲುದಾರರು, ಅದೂ ತಮ್ಮ ಲಾಭವನ್ನು ಸೇರಿಸಿಕೊಂಡು. ಒಪ್ಪಿಗೆಯ ಗುಂಡಿ ದೊಡ್ಡದಾಗಿ ಹೊಳೆಯುತ್ತಿರುತ್ತದೆ, ನಿರಾಕರಣೆಯ ಗುಂಡಿಯನ್ನು ಓದಿದರೆ ವಹಿವಾಟೇ ರದ್ದಾಗಿಬಿಡುತ್ತದೇನೋ ಎಂಬ ಅಳುಕು ಹುಟ್ಟುತ್ತದೆ. ಒಂದು ಯಂತ್ರವಂತೂ ನಾನು ನಿರಾಕರಿಸಿದ ಬಳಿಕವೂ ಬೇರೆ ಮಾತಿನಲ್ಲಿ ಅದೇ ಪ್ರಶ್ನೆಯನ್ನು ಮತ್ತೆ ಕೇಳಿತು. ನಿರಾಕರಿಸಿದರೂ ಹಣ ಬರುತ್ತದೆ. ಪರಿವರ್ತನೆಯ ಕೆಲಸ ಮಾತ್ರ ಕಾರ್ಡಿನ ಜಾಲಕ್ಕೆ ಹೋಗುತ್ತದೆ, ನಮಗೆ ಬೇಕಾದದ್ದೂ ಅದೇ.

ಅಂಗಡಿಯಲ್ಲಿ ಈ ಕಾಟ ಇನ್ನಷ್ಟು ಸೂಕ್ಷ್ಮ. ಯಂತ್ರವನ್ನು ನಮ್ಮ ಕೈಗೆ ಕೊಡುವ ಮೊದಲೇ ಗಲ್ಲಾದಲ್ಲಿ ಕುಳಿತವರು ಒಪ್ಪಿಗೆ ಒತ್ತಿಬಿಟ್ಟಿರುತ್ತಾರೆ, ಚೀಟಿಯಲ್ಲಿ ನಮ್ಮ ದೇಶದ ಕರೆನ್ಸಿ ಕಂಡಾಗಲೇ ವಿಷಯ ತಿಳಿಯುವುದು. ಅಲ್ಲಿಯೇ ಆ ಪಾವತಿಯನ್ನು ರದ್ದುಗೊಳಿಸಿ ಸ್ಥಳೀಯ ಹಣದಲ್ಲಿ ಮತ್ತೆ ಮಾಡುವಂತೆ ನಾನು ಕೇಳುತ್ತೇನೆ, ಹಿಂದಿನ ಸಾಲಿನವರು ಮುಖ ಸಿಂಡರಿಸಿದರೂ ಸರಿ. ಐರೋಪ್ಯ ಒಕ್ಕೂಟದಲ್ಲಿ 2020ರ ಏಪ್ರಿಲ್‌ನಿಂದ ಇಂಥ ಪರಿವರ್ತನೆಯ ಹೆಚ್ಚುವರಿ ವೆಚ್ಚವನ್ನು ಐರೋಪ್ಯ ಸೆಂಟ್ರಲ್ ಬ್ಯಾಂಕಿನ ದರಕ್ಕೆ ಹೋಲಿಸಿ ಶೇಕಡಾವಾರಾಗಿ ಮೊದಲೇ ತೋರಿಸಬೇಕೆಂಬ ನಿಯಮವಿದೆ. ಆ ಅಂಕಿಯನ್ನು ಓದಿದ ಮೇಲೂ ಒಪ್ಪುವವರು ಯಾರಿರಬಹುದೆಂದು ನಾನು ಅಚ್ಚರಿಪಡುತ್ತೇನೆ. ಇನ್ನೂ ಬೇಸರದ ಸಂಗತಿಯೆಂದರೆ, ನಮ್ಮ ಕರೆನ್ಸಿಯಲ್ಲಿಯೇ ತೆತ್ತರೂ ವ್ಯಾಪಾರಿ ಹೊರದೇಶದವನು ಎಂಬ ಕಾರಣಕ್ಕೆ ಹಲವು ಬ್ಯಾಂಕುಗಳು ವಿದೇಶಿ ವಹಿವಾಟಿನ ಶುಲ್ಕವನ್ನು ಬಿಡುವುದಿಲ್ಲ.

ಎಟಿಎಂ ಒಡೆಯರು ಪ್ರತಿ ಬಾರಿಗೆ ಕಡಿಯುವ ನಿಗದಿತ ಶುಲ್ಕ ಬೇರೆ. ಶುಲ್ಕ 5 ಇದ್ದರೆ 100 ತೆಗೆದವನಿಗೆ ಅದು ಶೇ 5, 500 ತೆಗೆದವನಿಗೆ ಶೇ 1. ಹೀಗಾಗಿ ನಾನು ಅಪರೂಪಕ್ಕೆ, ದೊಡ್ಡ ಮೊತ್ತದಲ್ಲಿ, ಸಾಧ್ಯವಾದರೆ ಬ್ಯಾಂಕಿಗೆ ಹೊಂದಿಕೊಂಡ ಯಂತ್ರದಿಂದಲೇ ತೆಗೆಯುತ್ತೇನೆ. ಜೇಬಿನಲ್ಲಿ ಹೆಚ್ಚು ನಗದು ಇಟ್ಟುಕೊಳ್ಳಲು ಅಂಜುವವರಿಗೆ ಈ ಕ್ರಮ ಒಗ್ಗಲಾರದು. ಅವರು ಸಾಧ್ಯವಾದಲ್ಲೆಲ್ಲ ಕಾರ್ಡನ್ನೇ ಉಜ್ಜಬೇಕು. ಕೆಲವು ಆ್ಯಪ್ ಆಧಾರಿತ ಕಾರ್ಡುಗಳು ವಿನಿಮಯ ಮಾರುಕಟ್ಟೆ ಮುಚ್ಚಿರುವ ವಾರಾಂತ್ಯದಲ್ಲಿ ದರಕ್ಕೆ ಸ್ವಲ್ಪ ಸೇರಿಸುವುದರಿಂದ, ಅಂಥ ಕಾರ್ಡು ಇದ್ದವರು ಶುಕ್ರವಾರವೇ ಹಣ ಪರಿವರ್ತಿಸಿಕೊಳ್ಳುವುದು ಲೇಸು. ಕಾರ್ಡು ತಡೆಹಿಡಿಯಲ್ಪಟ್ಟರೆ ಇರಲೆಂದು ಬೇರೆ ಜಾಲದ ಇನ್ನೊಂದನ್ನೂ ಜೊತೆಗಿಟ್ಟುಕೊಳ್ಳುತ್ತೇನೆ. ಮರಳುವ ದಿನ ಹತ್ತಿರವಾದಂತೆ ನಗದು ತೆಗೆಯುವುದನ್ನು ನಿಲ್ಲಿಸಿ ಉಳಿದ ನಾಣ್ಯಗಳನ್ನು ಮೊದಲು ಖರ್ಚು ಮಾಡುತ್ತೇನೆ, ಏಕೆಂದರೆ ನೋಟನ್ನು ಕೆಟ್ಟ ದರಕ್ಕಾದರೂ ಕೊಳ್ಳುವ ಕೌಂಟರುಗಳು ನಾಣ್ಯವನ್ನು ಸಾಮಾನ್ಯವಾಗಿ ಮುಟ್ಟುವುದೇ ಇಲ್ಲ.