ಟಿಸಿ ಹತ್ತಿರ ಎರಡು ಬ್ಯಾಂಡ್‌: ಮೂರು ಗಿಂಜ್‌ಬರ್ಗ್–ಲ್ಯಾಂಡೌ ವಿಧಾನಗಳ ಹೋಲಿಕೆ

ಗಿಂಜ್‌ಬರ್ಗ್–ಲ್ಯಾಂಡೌ ವಿಧಾನ ಎಂದರೆ ಅತಿವಾಹಕತೆ ಶುರುವಾಗುವ ತಾಪದ (ಟಿಸಿ) ಹತ್ತಿರ ಮಾಡುವ ಸರಳೀಕೃತ ಲೆಕ್ಕ. 2001ರಲ್ಲಿ ಅತಿವಾಹಕವೆಂದು ಗೊತ್ತಾದ ಮೆಗ್ನೀಷಿಯಂ ಡೈಬೋರೈಡ್‌ (ಟಿಸಿ 39 ಕೆಲ್ವಿನ್) ಎರಡು ಬ್ಯಾಂಡ್‌ಗಳ (ಸಿಗ್ಮಾ ಮತ್ತು ಪೈ ಎಂಬ ಎಲೆಕ್ಟ್ರಾನ್‌ ಗುಂಪುಗಳ) ಲೆಕ್ಕಕ್ಕೆ ಒಳ್ಳೆಯ ಒರೆಗಲ್ಲು. ಒಂದೇ ಲ್ಯಾಂಬ್ಡಾ ಮ್ಯಾಟ್ರಿಕ್ಸ್‌ (ಬ್ಯಾಂಡ್‌ಗಳ ಒಳಗಿನ ಮತ್ತು ನಡುವಿನ ಜೋಡಣೆಯ ಬಲಗಳ ಕೋಷ್ಟಕ) ಕೊಟ್ಟು ಮೂರು ವಿಧಾನಗಳ ಉತ್ತರವನ್ನು ಅತಿವಾಹಕತೆಯ ಮೂಲ ಸಿದ್ಧಾಂತವಾದ ಬಿಸಿಎಸ್‌ನ ಪೂರ್ಣ ಗ್ಯಾಪ್‌ ಸಮೀಕರಣದೊಂದಿಗೆ ತಾಳೆ ನೋಡಲಾಗಿದೆ. ಗ್ಯಾಪ್‌ ಎಂದರೆ ಎಲೆಕ್ಟ್ರಾನ್‌ ಜೋಡಿ ಒಡೆಯಲು ಬೇಕಾದ ಶಕ್ತಿಯ ಅಳತೆ.

ಮೊದಲ ಎಡವಟ್ಟು ಮ್ಯಾಟ್ರಿಕ್ಸ್‌ನಲ್ಲೇ ಆಗುತ್ತದೆ. ಪ್ರಕಟವಾಗಿರುವ 1.017, 0.213, 0.155, 0.448 ಇವು ಎಲಿಯಾಶ್‌ಬರ್ಗ್‌ (ಬಲವಾದ ಜೋಡಣೆಗೂ ಹೊಂದುವ ಸಿದ್ಧಾಂತದ) ಮೌಲ್ಯಗಳು. ಇವನ್ನು ನೇರವಾಗಿ ಬಿಸಿಎಸ್‌ಗೆ ಹಾಕಿದರೆ ಟಿಸಿಯಲ್ಲಿ ಪೈ–ಸಿಗ್ಮಾ ಗ್ಯಾಪ್‌ ಅನುಪಾತ 0.25 ಬರುತ್ತದೆ. ಸಾಲುಗಳನ್ನು ಕ್ರಮವಾಗಿ 2.23 ಮತ್ತು 1.603ರಿಂದ ಭಾಗಿಸಬೇಕು, ಆಗ ಅನುಪಾತ 0.442. ಎಲೆಕ್ಟ್ರಾನ್‌ಗಳ ವಿಕರ್ಷಣೆಯ ಕೂಲಂಬ್‌ ಪದವನ್ನು ಬಿಟ್ಟಿರುವುದರಿಂದ ಇದು ವಿಧಾನಗಳ ಪರೀಕ್ಷೆ ಮಾತ್ರ, ವಸ್ತುವಿನ ಅಳತೆಯಲ್ಲ.

ತಾಪ 0.9 ಟಿಸಿ ಇದ್ದಾಗ ಬಿಸಿಎಸ್‌ ಕೊಡುವ ಸಿಗ್ಮಾ ಗ್ಯಾಪ್‌ (ಬೋಲ್ಟ್ಸ್‌ಮನ್‌ ಸ್ಥಿರಾಂಕ ಗುಣಿಸು ಟಿಸಿ ಮಾನದಲ್ಲಿ) 1.00, ಅನುಪಾತ 0.461.

ಒಂದೇ ಆರ್ಡರ್‌ ಪ್ಯಾರಾಮೀಟರ್‌ನ (ಅತಿವಾಹಕ ಸ್ಥಿತಿ ಎಷ್ಟಿದೆ ಎಂದು ಹೇಳುವ ಚರಾಂಶದ) ವಿಧಾನ: ಗ್ಯಾಪ್‌ 1.04, ಅನುಪಾತ 0.442ರಲ್ಲೇ ನಿಂತಿರುತ್ತದೆ. ಕೋಗನ್‌ ಮತ್ತು ಶ್ಮಾಲಿಯನ್‌ 2011ರಲ್ಲಿ ವಾದಿಸಿದಂತೆ, ಟಿಸಿಗೆ ತೀರ ಹತ್ತಿರ ಎರಡೂ ಗ್ಯಾಪ್‌ಗಳು ಒಂದೇ ಅನುಪಾತದಲ್ಲಿ ಬೆಳೆಯುತ್ತವೆ. ಕೈಲೆಕ್ಕಕ್ಕೆ ಇಷ್ಟು ಸಾಕು.

ಎರಡು ಪ್ಯಾರಾಮೀಟರ್‌ಗಳ ಸಾಮಾನ್ಯ ರೂಪ: ಅನುಪಾತ 0.461, ಸರಿಯಾಗಿದೆ. ಆದರೆ ಗ್ಯಾಪ್‌ ಮತ್ತೆ 1.04! ಹೆಚ್ಚು ಚರಾಂಶ ಇದ್ದರೆ ಹೆಚ್ಚು ನಿಖರ ಎಂಬ ಭ್ರಮೆ ಇಲ್ಲಿ ಒಡೆಯುತ್ತದೆ. ಅನುಪಾತಕ್ಕೆ ಬೇಕಾದ ತಿದ್ದುಪಡಿ ತಾನಾಗಿ ಒಳಬಂದಿದೆ. ಗಾತ್ರಕ್ಕೆ ಬೇಕಾದ ಐದನೆಯ ಘಾತದ ಪದ ಮತ್ತು ಸಹಗುಣಕಗಳ ಮುಂದಿನ ತಾಪ-ತಿದ್ದುಪಡಿ ಬಂದಿಲ್ಲ. 0.7 ಟಿಸಿಗೆ ಇಳಿದರೆ ಎರಡೂ ಗ್ಯಾಪ್‌ಗಳು ಸುಮಾರು ಶೇ 12–13 ಹೆಚ್ಚು ತೋರುತ್ತವೆ. ಇನ್ನೊಂದು ಎಚ್ಚರ: ಟಿಸಿಯಲ್ಲಿ ಎರಡು ಆಲ್ಫಾಗಳೂ (ಪ್ರತಿ ಬ್ಯಾಂಡ್‌ನ ರೇಖೀಯ ಪದದ ಸಹಗುಣಕಗಳು) ಸೊನ್ನೆಯಲ್ಲ, ಇಲ್ಲಿ 0.357 ಮತ್ತು 1.851. ಎರಡನ್ನೂ ಟಿಸಿಯಲ್ಲೇ ಸೊನ್ನೆ ಮಾಡಿ ಆಮೇಲೆ ಬ್ಯಾಂಡ್‌ಗಳನ್ನು ಜೋಡಿಸುವ ಜೋಸೆಫ್‌ಸನ್‌ ಪದ ಕೂಡಿಸಿದರೆ ಟಿಸಿಯೇ ಮೇಲಕ್ಕೆ ಜರುಗುತ್ತದೆ. ಎರಡು ಆಲ್ಫಾಗಳ ಗುಣಲಬ್ಧ, ಜೋಡಣೆಯ ಎರಡು ಪದಗಳ ಗುಣಲಬ್ಧಕ್ಕೆ (0.661) ಸಮವೇ ಎಂದು ಮೊದಲು ನೋಡಿಕೊಳ್ಳಿ.

ವಿಸ್ತೃತ ರೂಪ: ಶಾನೆಂಕೊ ಮತ್ತು ಸಂಗಡಿಗರು 2011ರಲ್ಲಿ ಮಂಡಿಸಿದ್ದು, ಟಿಸಿಯಿಂದಿರುವ ದೂರದ ಮೂರರ್ಧ (3/2) ಘಾತದವರೆಗೆ ಹೋಗುತ್ತದೆ. ಗ್ಯಾಪ್‌ 1.001, ಅನುಪಾತ 0.4605. 0.7 ಟಿಸಿಯಲ್ಲೂ ದೋಷ ಶೇ 1ಕ್ಕಿಂತ ಕಡಿಮೆ. ತಿದ್ದುಪಡಿಯ ಸಮೀಕರಣ ರೇಖೀಯವಾದ್ದರಿಂದ ಬಿಡಿಸುವುದೂ ಹಗುರ. ಈ ಮ್ಯಾಟ್ರಿಕ್ಸ್‌ಗೆ ನಮ್ಮ ಆಯ್ಕೆ ಇದೇ.

ಆದರೆ ಬ್ಯಾಂಡ್‌ಗಳ ಬಲ ಹೆಚ್ಚುಕಡಿಮೆ ಒಂದೇ ಆಗಿ ನಡುವಿನ ಜೋಡಣೆ ಸಣ್ಣದಾದರೆ ಇದು ಕೈಕೊಡುತ್ತದೆ. 0.456, 0.44 ಮತ್ತು ಜೋಡಣೆ 0.005 ಇಟ್ಟು ನೋಡಿ: ಎರಡನೆಯ ಆಲ್ಫಾ 0.087ಕ್ಕೆ ಕುಸಿಯುತ್ತದೆ, 0.9 ಟಿಸಿಯಲ್ಲೇ ಅನುಪಾತದ ತಿದ್ದುಪಡಿ ಶೇ 100 ದಾಟುತ್ತದೆ. ಅಲ್ಲಿ ಎರಡು ಪ್ಯಾರಾಮೀಟರ್‌ಗಳ ರೂಪಕ್ಕೇ ಮರಳಬೇಕು, ಗ್ಯಾಪ್‌ನ ಗಾತ್ರವನ್ನು ಮಾತ್ರ ಬಿಸಿಎಸ್‌ನಿಂದ ತೆಗೆದುಕೊಳ್ಳಬೇಕು.